ಏಳು ಮನೆಯ ಚಹಾ

ಪುಣೆಯಿಂದ ಧಾರವಾಡಕ್ಕೆ ಸುಮಾರು 420 ಕಿಲೋಮೀಟರ್. ಶನಿವಾರ ನಸುಕಿನ ಐದಕ್ಕೆ ಹೊರಟರೆ ಸಾತಾರಾ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ ದಾಟಿ ಮಧ್ಯಾಹ್ನ ಒಂದಕ್ಕೆ ಊರು. ಭಾನುವಾರ ಹನ್ನೆರಡಕ್ಕೆ ವಾಪಸ್. ನಡುವೆ ಸಿಗುವುದು 23 ತಾಸು. ನಿದ್ದೆ, ಸ್ನಾನ, ದೇವಸ್ಥಾನ, ಲೈನ್ ಬಜಾರದ ಪೇಡೆ ಎಲ್ಲ ಕಳೆದು ಉಳಿದದ್ದನ್ನು ಏಳು ಮನೆಗೆ ಹಂಚುತ್ತೇವೆ. ಮನೆಗೆ ಇಪ್ಪತ್ತು ನಿಮಿಷ, ಒಂದು ಕಪ್ ಚಹಾ, ಒಂದು ಫೋಟೊ. ಸೋಮವಾರ ಆಫೀಸಿನಲ್ಲಿ, "ಊರಿಗೆ ಹೋಗಿದ್ದೆ, ಬೇರು ಮುಟ್ಟಿ ಬಂದ ಹಾಗಾಯಿತು" ಎನ್ನುತ್ತೇವೆ.

ಏನನ್ನೂ ಮುಟ್ಟಿ ಬಂದಿಲ್ಲ. ಕಾರಿನಲ್ಲಿ 16 ತಾಸು ಕೂತೆವು, ನಮ್ಮವರ ಜೊತೆ ಎರಡೂವರೆ ತಾಸೂ ಕೂರಲಿಲ್ಲ. ಮುಂಬೈಯಿಂದ ಉಡುಪಿಗೆ, ಹೈದರಾಬಾದಿನಿಂದ ಬೀದರಿಗೆ ಹೋಗುವವರು ಅಂಕಿ ಬದಲಿಸಿಕೊಂಡು ಓದಿ. ಲೆಕ್ಕ ಬೇರೆ ಬಂದೀತು, ಗಡಿಬಿಡಿ ಅದೇ.

80ರ ದಶಕದಲ್ಲಿ ಅಪ್ಪ ನಮ್ಮನ್ನು ರೈಲಿನಲ್ಲಿ ಕರೆದೊಯ್ಯುತ್ತಿದ್ದರು. ಮೀರಜದಲ್ಲಿ ಇಳಿದು, ಟ್ರಂಕು ಹೊತ್ತು, ಮೀಟರ್ ಗೇಜ್ ಗಾಡಿ ಹತ್ತಬೇಕು. ಅಷ್ಟು ಕಷ್ಟಪಟ್ಟು ಹೋದವರು ಎರಡು ದಿನಕ್ಕೆ ಮರಳುವ ಮಾತೇ ಇರಲಿಲ್ಲ. ಒಂದು ತಿಂಗಳು ಇರುತ್ತಿದ್ದೆವು. ಜಗಳ ಆಡಿ, ಮಾತು ಬಿಟ್ಟು, ಮತ್ತೆ ಕೂಡಿ ಆಡುವಷ್ಟು ಪುರುಸೊತ್ತಿತ್ತು. ಈಗ ನಾಲ್ಕು ಲೇನಿನ ಹೆದ್ದಾರಿ ಬಂದಿದೆ. ಊರು ಹತ್ತಿರವಾದದ್ದಕ್ಕೆ ಹೆಚ್ಚು ಇರಬೇಕಿತ್ತು. ನಾವು ಬೇಗ ಹೊರಡುವುದನ್ನು ಕಲಿತೆವು.

"ರಜೆ ಎಲ್ಲಿದೆ? ಹೋಗದೇ ಇರುವುದಕ್ಕಿಂತ ಇಷ್ಟಾದರೂ ಹೋಗುವುದು ಮೇಲಲ್ಲವೇ?" ಎನ್ನುತ್ತೀರಿ. ನಾನೂ ಹಾಗೇ ಅನ್ನುತ್ತಿದ್ದೆ. ಎರಡು ವರ್ಷದ ಹಿಂದೆ ಒಂದು ಫೋನ್ ಬರುವವರೆಗೆ.

ಆ ಸಲದ ಪಟ್ಟಿಯಲ್ಲಿ ನಾಲ್ಕನೇ ಮನೆ ನನ್ನ ಬಾಲ್ಯದ ಗೆಳೆಯನದು. ಕಟ್ಟೆಯ ಮೇಲೆ ಕೂತೆವು. ಅವನ ಹೆಂಡತಿ ಬೆಳಿಗ್ಗೆಯಿಂದಲೇ ರೊಟ್ಟಿ ಬಡಿದು, ಎಣಗಾಯಿ ಮಾಡಿ ಇಟ್ಟಿದ್ದರು. "ಊಟ ಅಲ್ಲಿ ಆತ್ರಿ, ಬರೇ ಚಹಾ ಸಾಕು" ಅಂದೆವು. ಅವನು ಎರಡು ಸಲ "ಲೇ, ಒಂದು ಮಾತು..." ಎಂದು ಶುರು ಮಾಡಿದ. ಒಮ್ಮೆ ಮಗಳು ಫೋಟೊಕ್ಕೆ ಕರೆದಳು, ಇನ್ನೊಮ್ಮೆ ನಾನೇ ಗಡಿಯಾರ ನೋಡಿಕೊಂಡೆ.

ತಿಂಗಳು ಕಳೆದು ಅವನ ಫೋನ್. ಅಪ್ಪನ ಕಾಲದ ನಾಲ್ಕು ಎಕರೆ ಎರಿ ಹೊಲ ಮಾರಿದ್ದ. ಸಾಲ ಬಾಕಿ ಇತ್ತಂತೆ, ಬೇರೆ ದಾರಿ ಕಾಣಲಿಲ್ಲವಂತೆ. ನಾನು ಇಪ್ಪತ್ತು ವರ್ಷ ಬ್ಯಾಂಕಿನ ಸಾಲ ವಿಭಾಗದಲ್ಲಿ ಇದ್ದವನು. ಮರುಪಾವತಿಯ ಅವಧಿ ಹೆಚ್ಚಿಸಲು ಹೇಗೆ ಕೇಳಬೇಕು, ಅರ್ಜಿಯಲ್ಲಿ ಏನು ಬರೆಯಬೇಕು, ನನಗೆ ಗೊತ್ತು. ಹೊಲ ಉಳಿಯುತ್ತಿತ್ತೋ ಇಲ್ಲವೋ, ಕೂತು ಕಾಗದ ನೋಡಬಹುದಿತ್ತು. "ಮೊದಲೇ ಯಾಕ ಹೇಳಲಿಲ್ಲೋ?" ಅಂದೆ.

"ನೀ ಬಂದಾಗ ಕೇಳಬೇಕಂತ ಮಾಡಿದ್ದೆ. ಗಡಿಬಿಡಿಯೊಳಗ ಇದ್ದಿ, ಬಿಡು" ಅಂದ.

ಆ ಕಟ್ಟೆಯ ಮೇಲೆ ತೆಗೆದ ಫೋಟೊ ಈಗಲೂ ನನ್ನ ಮೊಬೈಲಿನಲ್ಲಿದೆ. ಎಲ್ಲರೂ ನಗುತ್ತಿದ್ದೇವೆ, ಅವನೂ ಸೇರಿ.

ಮನಸ್ಸಿನ ಮಾತು ಇಪ್ಪತ್ತು ನಿಮಿಷದಲ್ಲಿ ಹೊರಬರುವುದಿಲ್ಲ. ಮೊದಲ ತಾಸು ಮಳೆ, ಬೆಳೆ, ಮಕ್ಕಳ ಓದು. ಊಟವಾಗಿ, ಪಾತ್ರೆ ತೊಳೆದಾಗಿ, ಹೊರಸಿನ ಮೇಲೆ ಮಲಗಿ ದೀಪ ಆರಿಸಿದ ಮೇಲೆ ಶುರುವಾಗುವ ಮಾತೇ ಬೇರೆ. ಆ ಹೊತ್ತಿಗೆ ನಾವು ಹೋಟೆಲ್ ರೂಮಿನಲ್ಲಿ ಇರುತ್ತೇವೆ. "ಅವರಿಗೆ ತೊಂದರೆ ಕೊಡೋದು ಬೇಡ" ಅಂತ ಕಾರಣ ಬೇರೆ! ಬಡಿದಿಟ್ಟ ರೊಟ್ಟಿ ಹಾಗೇ ಬಿಟ್ಟು ಬಂದದ್ದು ತೊಂದರೆ ಅಲ್ಲವೇನು?

ಏಳು ಮನೆಗೆ ಹೋಗುವುದು ಪ್ರೀತಿಯಿಂದಲ್ಲ, ಅಂಜಿಕೆಯಿಂದ. ಯಾರ ಮನೆಗೆ ಹೋಗದಿದ್ದರೆ ಯಾರು ಸಿಟ್ಟಾಗುತ್ತಾರೋ ಎಂದು. ಅದು ನಮ್ಮ ಹಾಜರಿ ಪುಸ್ತಕ. ಅದರಲ್ಲಿ ಸಹಿ ಮಾಡಿಸಿಕೊಳ್ಳಲು ಊರಿನವರ ಭಾನುವಾರ ಹಾಳು ಮಾಡುತ್ತೇವೆ.

ಹೆಚ್ಚು ರಜೆ ಹಾಕಿ ಎಂದು ಹೇಳುತ್ತಿಲ್ಲ. ಅದೇ ಎರಡು ದಿನ, ಅದೇ ಪೆಟ್ರೋಲು. ಪಟ್ಟಿಯಲ್ಲಿ ಆರು ಮನೆ ಹೊಡೆದುಹಾಕಿ. ಉಳಿದ ಒಂದು ಮನೆಯಲ್ಲಿ ಉಣ್ಣಿ, ಅಲ್ಲೇ ಮಲಗಿ. ಆರು ಮನೆಯವರು ಬೈಯುತ್ತಾರೆ, ಬೈಯಲಿ. ಮುಂದಿನ ಸಲ ಅವರಲ್ಲೊಬ್ಬರ ಪಾಳಿ.

ಕಳೆದ ದೀಪಾವಳಿಗೆ ನಾನು ಹಾಗೇ ಮಾಡಿದೆ. ಸೋದರತ್ತೆ ಇನ್ನೂ ಮುನಿಸಿಕೊಂಡಿದ್ದಾಳೆ. ಗೆಳೆಯ ರಾತ್ರಿ ಒಂದರವರೆಗೆ ಮಾತಾಡಿದ.