ನಮ್ಮ ಲೇಔಟಿನಲ್ಲಿ ಶುಗರ್ ಎಷ್ಟು ಜನಕ್ಕಿದೆ?

ಭಾನುವಾರ ಪಾರ್ಕಿನಲ್ಲಿ ಉಚಿತ ಶುಗರ್ ಟೆಸ್ಟ್ ಕ್ಯಾಂಪ್ ನಡೆದರೆ ಸಂಜೆಯೊಳಗೆ ಲೇಔಟಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮೆಸೇಜ್ ಗ್ಯಾರಂಟಿ: 'ನಮ್ಮಲ್ಲಿ ಮೂವರಲ್ಲಿ ಒಬ್ಬರಿಗೆ ಡಯಾಬಿಟಿಸ್!' ಅದರ ಕೆಳಗೆ ಸಾಲಾಗಿ ಕೈಮುಗಿದ ಇಮೋಜಿ, ಹಾಗಲಕಾಯಿ ಜ್ಯೂಸಿನ ಎರಡು ಫಾರ್ವರ್ಡ್. ಲೆಕ್ಕ ಹೇಗೆ ಬಂತು ಅಂತ ಮಾತ್ರ ಯಾರೂ ಕೇಳಲ್ಲ.

ಆ ಕ್ಯಾಂಪಿಗೆ ಬಂದವರು ಯಾರು ನೋಡಿ. ವಾಕಿಂಗಿಗೆ ಬರುವ ನಿವೃತ್ತರು, ಈಗಾಗಲೇ ಮಾತ್ರೆ ತಗೊಳ್ತಿರುವವರು, 'ನಂಗೂ ಇರಬಹುದೇನೋ' ಅಂತ ಅನುಮಾನ ಇರುವವರು. ಶನಿವಾರ ರಾತ್ರಿ ರಿಲೀಸ್ ಮುಗಿಸಿ ಹತ್ತು ಗಂಟೆವರೆಗೆ ಮಲಗಿದ ನಾವು ಆ ಸಾಲಿನಲ್ಲಿಲ್ಲ. ಗೇಟ್ ಬಿಟ್ಟು ಬರಲಾಗದ ಸೆಕ್ಯೂರಿಟಿಯವರೂ ಇಲ್ಲ. ದೂರು ಕೊಟ್ಟವರನ್ನಷ್ಟೇ ಎಣಿಸಿ 'ನಮ್ಮ ಆ್ಯಪ್ ಎಲ್ಲರ ಫೋನಲ್ಲೂ ಕ್ರ್ಯಾಶ್ ಆಗ್ತಿದೆ' ಅಂದ ಹಾಗಾಯ್ತು.

ಟೆಸ್ಟಿನದೂ ಅದೇ ಕಥೆ. ಇಡ್ಲಿ, ಕಾಫಿ ಮುಗಿಸಿ ಬಂದವರ ಬೆರಳು ಚುಚ್ಚಿದರೆ 150 ಬರಬಹುದು. ಅಷ್ಟಕ್ಕೇ ಡಯಾಬಿಟಿಸ್ ಅನ್ನೋಕಾಗಲ್ಲ. ಖಾಲಿ ಹೊಟ್ಟೆಯಲ್ಲಿ 126, ಗ್ಲೂಕೋಸ್ ಕುಡಿದು ಎರಡು ಗಂಟೆಗೆ 200, ಎಚ್‌ಬಿಎ1ಸಿ 6.5. ಇವು ಅಥವಾ ಇವಕ್ಕಿಂತ ಮೇಲಿದ್ದರೆ ಮಾತ್ರ ಆ ಹೆಸರು. ಮೆಡಿಕಲ್ ಶಾಪಿನಲ್ಲಿ ಮೆಟ್‌ಫಾರ್ಮಿನ್ ಎಷ್ಟು ಖರ್ಚಾಯ್ತು ಅಂತ ಎಣಿಸೋದು ಜಾಣ ಐಡಿಯಾನೇ. ಆದರೆ ಪಿಸಿಓಎಸ್‌ಗೂ ಅದನ್ನು ಕೊಡ್ತಾರೆ. ಕಾಯಿಲೆ ಇದ್ದೂ ಗೊತ್ತಿಲ್ಲದವರು ಅಂಗಡಿ ಮೆಟ್ಟಿಲನ್ನೇ ಹತ್ತಿರಲ್ಲ.

ಇಡೀ ದೇಶದ ಲೆಕ್ಕ ಬೇಕಾದಾಗ ಐಸಿಎಂಆರ್-ಇಂಡಿಯಾಬ್ ತಂಡ 2008ರಿಂದ 2020ರವರೆಗೆ ರಾಜ್ಯ ರಾಜ್ಯ ಸುತ್ತಿ 1,13,043 ಜನರನ್ನು ನೋಡಿತು. 2023ರಲ್ಲಿ ಬಂದ ಉತ್ತರ: ವಯಸ್ಕರಲ್ಲಿ ಶೇ. 11.4. ನಗರಗಳಲ್ಲಿ 16.4, ಹಳ್ಳಿಗಳಲ್ಲಿ 8.9. ಗೋವಾದಲ್ಲಿ 26.4 ಇದ್ದರೆ ಉತ್ತರ ಪ್ರದೇಶದಲ್ಲಿ ಬರೀ 4.8. ಇಷ್ಟು ಅಂತರ ಇರುವಾಗ ದೇಶದ ಸರಾಸರಿ ತಂದು ನಮ್ಮ ಲೇಔಟಿಗೆ ಅಂಟಿಸೋಕೂ ಆಗಲ್ಲ.

ಮೂರು ಸಾವಿರ ವಯಸ್ಕರಿರುವ ಲೇಔಟು ಅಂತಿಟ್ಕೊಳ್ಳಿ. ಎಲ್ಲರ ಹೆಸರು ಬರೆದು, ಚೀಟಿ ಎತ್ತಿ 400 ಜನರನ್ನು ಆರಿಸಿ. ಅವರಲ್ಲಿ 40 ಜನಕ್ಕೆ ಇದ್ದರೆ ಶೇ. 10, ಆಚೀಚೆ 3. ಅಂದರೆ ನಿಜ ಸಂಖ್ಯೆ 7ರಿಂದ 13ರೊಳಗೆ ಎಲ್ಲೋ ಇದೆ ಅಂತ ಸಾಕಷ್ಟು ಧೈರ್ಯವಾಗಿ ಹೇಳಬಹುದು. ಬರೀ 100 ಜನರನ್ನು ನೋಡಿದರೆ ಅದು 4ರಿಂದ 16 ಆಗುತ್ತೆ. ಅಷ್ಟಕ್ಕೆ ಸೂಜಿ ಚುಚ್ಚಿಸಿಕೊಂಡಿದ್ದೇ ದಂಡ. ವಯಸ್ಸನ್ನೂ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಅಜ್ಜ-ಅಜ್ಜಿಯರೇ ತುಂಬಿರುವ ಪಕ್ಕದ ಹಳೇ ಬಡಾವಣೆ ಜೊತೆ ಹೋಲಿಸೋಕಾಗಲ್ಲ. 'ನಿಮಗೆ ಮೊದಲೇ ಗೊತ್ತಿತ್ತಾ?' ಅಂತಲೂ ಕೇಳಿ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು ಈ ಪ್ರಶ್ನೆಯೇ. 40ರಲ್ಲಿ ಗೊತ್ತಿಲ್ಲದವರು ಎಷ್ಟು ಅಂತ ತಿಳಿದರೆ, ಅಸೋಸಿಯೇಷನ್ ದುಡ್ಡನ್ನು ಇನ್ನೊಂದು ಕ್ಯಾಂಪಿಗೆ ಹಾಕಬೇಕೋ, ವಾರಕ್ಕೊಮ್ಮೆ ಡಾಕ್ಟರನ್ನು ಕರೆಸಬೇಕೋ ಗೊತ್ತಾಗುತ್ತೆ.

ಹೆಸರು ಬರೆಯುವಾಗ ಹೌಸ್‌ಕೀಪಿಂಗಿನವರನ್ನೂ ಸೇರಿಸಿ. ಚೀಟಿಯಲ್ಲಿ ಬಂದ ಮನೆಗೆ ಬೀಗ ಇದ್ದರೆ ಪಕ್ಕದ ಮನೆ ಬಾಗಿಲು ತಟ್ಟಬೇಡಿ. ರಾತ್ರಿ ಒಂಬತ್ತಕ್ಕೆ, ಆಫೀಸ್ ಕ್ಯಾಬ್ ಬಂದು ನಿಂತ ಮೇಲೆ, ಮತ್ತೊಮ್ಮೆ ಹೋಗಿ.