ಅಂಕದ ಗೆರೆ ಇಳಿಸಿದರೆ ಶಾಲೆ ಮೇಲೇಳದು

ಎಸ್ಸೆಸ್ಸೆಲ್ಸಿ ಪಾಸಾಗಲು ಇನ್ನು 625ಕ್ಕೆ 219 ಅಂಕ ಬೇಕಿಲ್ಲ, 206 ಸಾಕು. ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30, ಒಟ್ಟಾರೆ ಶೇ 33 ಬಂದರೆ ಉತ್ತೀರ್ಣ ಎಂದು ಶಾಲಾ ಶಿಕ್ಷಣ ಸಚಿವ ಮಧು ಬಂಗಾರಪ್ಪ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದರು. ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳು ಇದನ್ನು ಸ್ವಾಗತಿಸಿದವು, ಹಲವು ಶಿಕ್ಷಣ ತಜ್ಞರು ವಿರೋಧಿಸಿದರು. ನನ್ನದು ವಿರೋಧದ ದನಿ. ಹದಿಮೂರು ಅಂಕ ದೊಡ್ಡದೇನಲ್ಲ. ಆದರೆ ಕಲಿಸುವ ಕೆಲಸ ಸೋತಾಗಲೆಲ್ಲ ಅಳತೆಗೋಲನ್ನೇ ಮೊಟಕು ಮಾಡುವ ಚಾಳಿ ಸರ್ಕಾರಕ್ಕೆ ಅಂಟಿಕೊಂಡಿದೆ.

ಇದು ಹೊಸ ಚಾಳಿಯಲ್ಲ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು, ನಕಲಿಗೆ ಕಡಿವಾಣ ಬಿತ್ತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಕುಸಿಯಿತು. ಅದೂ ಕೃಪಾಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿದ ಮೇಲೆ! ಕ್ಯಾಮೆರಾ ನಮಗೊಂದು ಸತ್ಯ ತೋರಿಸಿತ್ತು: ಇಷ್ಟು ವರ್ಷ ನಾವು ಹೆಮ್ಮೆಪಟ್ಟ ಅಂಕಿಗಳಲ್ಲಿ ಕಲಿಕೆಯ ಪಾಲು ಕಡಿಮೆಯಿತ್ತು. ಆ ಸತ್ಯವನ್ನು ಹಿಡಿದು ತರಗತಿಗೆ ಹೋಗಬೇಕಿತ್ತು. ನಾವು ಕೃಪಾಂಕದ ಮೊರೆ ಹೋದೆವು. ಅದಕ್ಕೆ ಟೀಕೆ ಬಂದಾಗ ಕೃಪಾಂಕ ಕೈಬಿಟ್ಟೆವು, ಈಗ ಉತ್ತೀರ್ಣತೆಯ ಗೆರೆಯನ್ನೇ ಇಳಿಸಿದ್ದೇವೆ.

ನಿರ್ಧಾರದ ಪರ ಇರುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಸಿಬಿಎಸ್‌ಇಯಲ್ಲೂ ಶೇ 33 ಸಾಕು, ನಮ್ಮ ಮಕ್ಕಳಿಗೇಕೆ ಕಷ್ಟ ಎನ್ನುತ್ತಾರೆ. ಹತ್ತನೇ ತರಗತಿಯಲ್ಲಿ ನಪಾಸಾದ ಹುಡುಗಿಗೆ ಮನೆಯವರು ಗಂಡು ಹುಡುಕುತ್ತಾರೆ, ಹುಡುಗ ಗ್ಯಾರೇಜಿಗೋ ಗುಳೆಗೋ ಹೋಗುತ್ತಾನೆ ಎಂಬುದೂ ನಿಜವೇ. ಆದರೆ ಅಂಥ ಮಕ್ಕಳಿಗೆಂದೇ 2024ರಲ್ಲಿ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ತರಲಾಯಿತು. ಎರಡು ಪರೀಕ್ಷೆಗಳ ನಡುವಿನ ವಾರಗಳಲ್ಲಿ ಅವರನ್ನು ಕೂರಿಸಿಕೊಂಡು ಕಲಿಸುವವರು ಬೇಕು. ಪ್ರೌಢಶಾಲೆ ಮುಗಿಸಿಯೂ ಸರಳ ಲೆಕ್ಕ ಬಾರದ ಹುಡುಗಿ ಪಿಯುಸಿಯಲ್ಲಿ ಮತ್ತೆ ಎಡವುತ್ತಾಳೆ. ಬವಣೆ ಎರಡು ವರ್ಷ ಮುಂದಕ್ಕೆ ಹೋಗುತ್ತದೆ, ಅಷ್ಟೇ.

2025ರ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಶೇ 91.12 ಪಡೆದು ಮೊದಲ ಸ್ಥಾನದಲ್ಲಿತ್ತು, ಕಲಬುರಗಿ ಶೇ 42.43 ಪಡೆದು ಕೊನೆಯಲ್ಲಿತ್ತು. ಪಠ್ಯ ಒಂದೇ, ಪ್ರಶ್ನೆಪತ್ರಿಕೆಯೂ ಒಂದೇ. ಕಲಬುರಗಿಯ ಮಕ್ಕಳು ದಡ್ಡರೆಂದು ಹೇಳುವ ಧೈರ್ಯ ಯಾರಿಗಿದೆ? ಬಡತನ, ಗುಳೆ ಇವೆಲ್ಲ ಕಾರಣಗಳೇ. ಜೊತೆಗೆ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಖಾಲಿ ಹುದ್ದೆಗಳಿವೆ, ಅತಿಥಿ ಶಿಕ್ಷಕರನ್ನು ನಂಬಿ ಪಾಠ ನಡೆಯುತ್ತಿದೆ. ಎರಡು ಸಾವಿರ ರೂಪಾಯಿ ಏರಿಸಿದ ಮೇಲೂ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರ ಗೌರವಧನ ತಿಂಗಳಿಗೆ ₹12,000. ಮುಂದಿನ ಜೂನ್‌ನಲ್ಲಿ ಕೆಲಸ ಇರುತ್ತದೋ ಇಲ್ಲವೋ ತಿಳಿಯದವರಿಂದ ಮಗುವಿನ ಮೂರು ವರ್ಷದ ಬೆಳವಣಿಗೆಯ ಹೊಣೆ ಕೇಳುವುದು ಅನ್ಯಾಯ.

ಒಳ್ಳೆಯ ಬೋಧನೆ ಎಂದರೇನು? ಒಂದು ಉದಾಹರಣೆ ನೋಡಿ. ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಲು ಹೇಳಿದರೆ ಅನೇಕ ಮಕ್ಕಳು 2/5 ಎಂದು ಬರೆಯುತ್ತಾರೆ. ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿಸಿರುತ್ತಾರೆ. ಕೆಂಪು ಗೆರೆ ಎಳೆದು ಸರಿ ಉತ್ತರವನ್ನು ಬೋರ್ಡಿನ ಮೇಲೆ ಬರೆದರೆ ಮಗು ಅದನ್ನು ನಕಲು ಮಾಡಿಕೊಳ್ಳುತ್ತದೆ. ‘ಅರ್ಧ ದೊಡ್ಡದೋ, ಐದರಲ್ಲಿ ಎರಡು ಭಾಗ ದೊಡ್ಡದೋ?’ ಎಂದು ಕೇಳಿದರೆ ಮಗು ನಿಲ್ಲುತ್ತದೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಬಂದ ಉತ್ತರ ಅರ್ಧಕ್ಕಿಂತ ಕಡಿಮೆ ಹೇಗಾಯಿತು ಎಂದು ತಾನೇ ಯೋಚಿಸುತ್ತದೆ. ಈ ಪ್ರಶ್ನೆ ಕೇಳಲು ಸ್ಮಾರ್ಟ್ ಬೋರ್ಡ್ ಬೇಡ. ಮಗುವಿನ ನೋಟ್‌ಬುಕ್ ನೋಡುವಷ್ಟು ಬಿಡುವು, ತಪ್ಪಿನ ಹಿಂದಿನ ಆಲೋಚನೆಯನ್ನು ಹಿಡಿಯುವ ತರಬೇತಿ, ಚರ್ಚಿಸಲು ಒಬ್ಬ ಹಿರಿಯ ಸಹೋದ್ಯೋಗಿ ಬೇಕು.

ಆ ಹಿರಿಯ ಸಹೋದ್ಯೋಗಿ ಮುಖ್ಯ ಶಿಕ್ಷಕರೇ ಆಗಿರಬೇಕಿತ್ತು. ಅವರನ್ನು ನಾವು ಗುಮಾಸ್ತರನ್ನಾಗಿ ಮಾಡಿದ್ದೇವೆ. ಬೆಳಿಗ್ಗೆ ಹಾಲಿನ ಪುಡಿಯ ಲೆಕ್ಕ, ಮಧ್ಯಾಹ್ನ ಮೊಟ್ಟೆ, ಬಾಳೆಹಣ್ಣು, ಬಿಸಿಯೂಟದ ಹಾಜರಾತಿ, ನಡುನಡುವೆ ವಿದ್ಯಾರ್ಥಿಗಳ ಮಾಹಿತಿಯ ತಂತ್ರಾಂಶ ಎಸ್‌ಎಟಿಎಸ್‌ನಲ್ಲಿ ನಮೂದು, ಬಿಇಒ ಕಚೇರಿಯಿಂದ ವಾಟ್ಸ್‌ಆ್ಯಪ್‌ನಲ್ಲಿ ಬರುವ ‘ತುರ್ತು ಮಾಹಿತಿ’. ಬಿಸಿಯೂಟ ಮಕ್ಕಳ ಹಕ್ಕು, ಅದು ನಡೆಯಲೇಬೇಕು. ಅದರ ಲೆಕ್ಕ ಬರೆಯಲು ಬೇರೆಯವರಿರಬೇಕು. ಸಹೋದ್ಯೋಗಿಯ ತರಗತಿಯಲ್ಲಿ ಹಿಂದಿನ ಬೆಂಚಿನ ಮೇಲೆ ಅರ್ಧ ಗಂಟೆ ಕೂರಲಾಗದವರಿಗೆ, ಫಲಿತಾಂಶ ಕುಸಿದಾಗ ಕಾರಣ ಕೇಳಿ ನೋಟಿಸ್ ಕೊಡುವುದು ಯಾವ ನ್ಯಾಯ?

ಶಿಕ್ಷಕರ ಸಮಯವನ್ನಂತೂ ಸರ್ಕಾರ ತನ್ನ ಸ್ವಂತ ಆಸ್ತಿಯಂತೆ ಬಳಸುತ್ತಿದೆ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. ಆದರೂ 2025ರಲ್ಲಿ ಶಿಕ್ಷಕರನ್ನು ಸಾಮಾಜಿಕ–ಶೈಕ್ಷಣಿಕ ಸಮೀಕ್ಷೆಗೆ ಹಚ್ಚಿ, ಸರ್ಕಾರಿ, ಅನುದಾನಿತ ಶಾಲೆಗಳಿಗೆ ಅಕ್ಟೋಬರ್ 18ರವರೆಗೆ ರಜೆ ವಿಸ್ತರಿಸಲಾಯಿತು. ಸಮೀಕ್ಷೆ ಬೇಕು, ಅದರ ಉದ್ದೇಶವನ್ನು ನಾನು ಒಪ್ಪುತ್ತೇನೆ. ಆದರೆ ಹಿಂದುಳಿದವರ ಲೆಕ್ಕಕ್ಕೆಂದು ಹಿಂದುಳಿದವರ ಮಕ್ಕಳ ಪಾಠವನ್ನೇ ಕಳೆಯುವುದನ್ನು ಒಪ್ಪಲಾರೆ.

ಹೊಣೆ ಸರ್ಕಾರದ್ದಷ್ಟೇ ಅಲ್ಲ, ಶಿಕ್ಷಕರದ್ದೂ ಹೌದು. 1995ರ ಹೊತ್ತಿಗೆ ಎಚ್‌.ಡಿ. ಕೋಟೆ ತಾಲ್ಲೂಕಿನ ಸರ್ಕಾರಿ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ಬಂದರು. ತಾವು ಕಲಿಸುತ್ತಿದ್ದ ಕ್ರಮವನ್ನೇ ಬದಲಿಸಿ, ಕಾರ್ಡುಗಳನ್ನೂ ಕಲಿಕಾ ಏಣಿಯನ್ನೂ ರೂಪಿಸಿ, ಮಕ್ಕಳ ಜೊತೆ ನೆಲದ ಮೇಲೆ ಕೂತರು. ನಲಿ ಕಲಿ ಹುಟ್ಟಿದ್ದು ಹಾಗೆ. ಒಂದೂವರೆ ದಶಕದೊಳಗೆ ಅದು ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳ ಒಂದರಿಂದ ಮೂರನೇ ತರಗತಿಗೆ ಬಂತು. ಬದಲಾವಣೆ ಆದೇಶದಿಂದ ಹುಟ್ಟುವುದಿಲ್ಲ, ಶಿಕ್ಷಕರ ಮನಸ್ಸಿನಿಂದ ಹುಟ್ಟುತ್ತದೆ ಎಂಬುದಕ್ಕೆ ನಮ್ಮ ನೆಲದ್ದೇ ಸಾಕ್ಷಿ ಇದು. ಆದ್ದರಿಂದ ಶಿಕ್ಷಕ ಮಿತ್ರರಲ್ಲೂ ಒಂದು ಮಾತು: ವರ್ಗಾವಣೆ, ಬಡ್ತಿಗಾಗಿ ಬೀದಿಗಿಳಿಯುವ ಸಂಘಗಳು ಬೋಧನೆಯ ಗುಣಮಟ್ಟಕ್ಕಾಗಿಯೂ ದನಿ ಎತ್ತಬೇಕು. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆ ಸುತ್ತೋಲೆ ಓದುವ ಸಭೆಯಾಗಬಾರದು. ಪಾಠ ಮಾಡಿ ತೋರಿಸಿ, ಪರಸ್ಪರ ಕಲಿಯುವ ಜಾಗವಾಗಬೇಕು.

ಸರ್ಕಾರ ಮಾಡಬೇಕಾದದ್ದು ಸ್ಪಷ್ಟವಿದೆ. ಖಾಲಿ ಹುದ್ದೆಗಳ ಭರ್ತಿಯನ್ನು ಫಲಿತಾಂಶ ಕೆಳಗಿರುವ ಜಿಲ್ಲೆಗಳಿಂದ ಆರಂಭಿಸಲಿ. ಅತಿಥಿ ಶಿಕ್ಷಕರು ಶಾಲೆ ತೆರೆಯುವ ದಿನವೇ ತರಗತಿಯಲ್ಲಿರಲಿ. ಲೆಕ್ಕಪತ್ರಕ್ಕೆ ಕ್ಲಸ್ಟರಿಗೊಬ್ಬ ಸಿಬ್ಬಂದಿ ಕೊಟ್ಟು ಮುಖ್ಯ ಶಿಕ್ಷಕರನ್ನು ತರಗತಿಗೆ ಮರಳಿಸಲಿ. ಶಾಲಾ ದಿನಗಳನ್ನು ಯಾವ ಇಲಾಖೆಯೂ ಮುಟ್ಟದಂತೆ ಕಾಯಲಿ. ಇಷ್ಟನ್ನು ಮೂರು ವರ್ಷ ಬಿಡದೆ ಮಾಡಿದರೆ ಹಿಂದಿನ ಶೇ 35ರ ಗೆರೆ ನಮ್ಮ ಮಕ್ಕಳಿಗೆ ಎತ್ತರವೆನಿಸದು. ಅದನ್ನು ಮಾಡದೆ ಗೆರೆ ಇಳಿಸುವ ಸರ್ಕಾರಕ್ಕೆ ಮಕ್ಕಳ ಮೇಲಿರುವುದು ಕರುಣೆಯಲ್ಲ, ಅಪನಂಬಿಕೆ.