ಆಸ್ತಿ, ಹೊಣೆ ಮತ್ತು ಇಂಗ್ಲಿಷು

ಕನ್ನಡ ಮೇಷ್ಟರನ್ನು ಇಂಗ್ಲಿಷು ಹೇಳಿಕೊಡಿರೆಂದು ಕೇಳುವವರು ಊರಿನಲ್ಲಿ ಯಾರೂ ಇಲ್ಲ. ಆ ಭಾಗ್ಯ ಒದಗುವುದಿದ್ದರೆ ಮನೆಯಲ್ಲೇ. ನನ್ನ ಅಣ್ಣನ ಮಗ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ, ಬಿ.ಕಾಂ. ತರಗತಿಗೆಂದು ನಮ್ಮ ಮನೆಗೆ ಬಂದು ಸೇರಿಕೊಂಡಿದ್ದಾನೆ. ಕಾಲೇಜಿನಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಮೊದಲ ಮೂರು ತಿಂಗಳು ಹುಡುಗ ಮೂಗನಂತೆ ಹೋಗಿ ಮೂಗನಂತೆ ಬರುತ್ತಿದ್ದ. ಪದಗಳ ಪಟ್ಟಿ ಮಾಡಿ ಬಾಯಿಪಾಠ ಮಾಡಿಸಿ ನೋಡಿದೆ. ರಾತ್ರಿ ಕಲಿತದ್ದು ಬೆಳಗಿನ ಕಾಫಿಯ ಹೊತ್ತಿಗೆ ಆವಿಯಾಗಿರುತ್ತಿತ್ತು. ಕಡೆಗೆ ನಮಗೆ ದಾರಿ ತೋರಿಸಿದ್ದು ವ್ಯಾಕರಣವಲ್ಲ, ಚುನಾವಣೆ.

ಪರರ ಆಸ್ತಿಯ ಲೆಕ್ಕವೆಂದರೆ ಓದದೆ ಬಿಡುವ ಮನುಷ್ಯನುಂಟೆ? ಅಭ್ಯರ್ಥಿಗಳು ನಾಮಪತ್ರದೊಡನೆ ಕೊಟ್ಟ ಲೆಕ್ಕಗಳನ್ನು ಇಂಗ್ಲಿಷು ಪತ್ರಿಕೆಯಲ್ಲಿ ಕಂಡ ಹುಡುಗ, ನಿಘಂಟನ್ನು ತಾನಾಗಿಯೇ ಕೈಗೆತ್ತಿಕೊಂಡ. ಮಡದಿಯ ಹೆಸರಿನಲ್ಲಿ ಬಂಗಾರವೆಷ್ಟೆಂಬ ಭಾಗ ಬಂದಾಗ ನಮ್ಮ ಮನೆಯಾಕೆಯೂ ಒಗ್ಗರಣೆಯ ಸೌಟನ್ನು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತಳು.

ಈ ಲೆಕ್ಕ ಮತದಾರನಿಗೆ ಸುಲಭವಾಗಿ ದೊರೆತದ್ದಲ್ಲ. ಅಭ್ಯರ್ಥಿಯ ಆಸ್ತಿ, ಸಾಲ, ವಿದ್ಯೆ, ಮೊಕದ್ದಮೆಗಳನ್ನು ತಿಳಿಯುವ ಹಕ್ಕು ಮತದಾರನಿಗೆ ಉಂಟೆಂದು ಸುಪ್ರೀಂ ಕೋರ್ಟು 2002ರ ಮೇ ತಿಂಗಳಲ್ಲಿ ಹೇಳಿತು. ಅದೇ ವರ್ಷ ಆ ತೀರ್ಪನ್ನು ಮೊಟಕುಮಾಡುವ ಕಾನೂನೊಂದು ಹುಟ್ಟಿತು. 2003ರಲ್ಲಿ ನ್ಯಾಯಾಲಯ ಅದನ್ನೂ ತಳ್ಳಿಹಾಕಿತು. ಅಂದಿನಿಂದ ಅಫಿಡವಿಟ್ಟು ತಪ್ಪದು. ಕನ್ನಡದಲ್ಲಿ ಅದು ಪ್ರಮಾಣಪತ್ರ. ಪ್ರಮಾಣವೆಂದರೆ ಆಣೆಯೂ ಹೌದು, ಅಳತೆಯೂ ಹೌದು. ತರ್ಕಶಾಸ್ತ್ರದವರಿಗೆ ಸಾಕ್ಷ್ಯವೂ ಹೌದು. ಮೂರನ್ನೂ ಒಂದೇ ಮಾತಿನಲ್ಲಿ ಅಡಗಿಸಿದ ನಮ್ಮವರ ಜಾಣ್ಮೆಯನ್ನು ಹುಡುಗನಿಗೆ ವಿವರಿಸುತ್ತ ನಾನು ಸ್ವಲ್ಪ ಹೊತ್ತು ಮೈಮರೆತದ್ದುಂಟು. ಅವನಿಗೆ ಬೇಕಾಗಿದ್ದದ್ದು ಇಂಗ್ಲಿಷು.

ಅಸೆಟ್ ಎಂಬ ಪದದಿಂದ ಆರಂಭಿಸಿದೆವು. ಇದು ಹಳೆಯ ಫ್ರೆಂಚಿನಿಂದ ಬಂದದ್ದು; ಮೂಲದಲ್ಲಿ ಅದರ ಅರ್ಥ 'ಸಾಕಷ್ಟು' ಎಂದಷ್ಟೆ. ಸತ್ತವನು ಬಿಟ್ಟುಹೋದದ್ದು ಅವನ ಸಾಲ ತೀರಿಸಲು ಸಾಕಾಗುವಷ್ಟಿದ್ದರೆ ಅದು ಅಸೆಟ್ಸ್. ಲೈಬಿಲಿಟಿಯೆಂದರೆ ಹೊಣೆ, ಅದರ ಬೇರು ಕಟ್ಟುವುದು, ಬಿಗಿಯುವುದು ಎಂಬರ್ಥದ ಧಾತು. ಸಾಲವೇ ಮೊದಲು, ಆಸ್ತಿ ಆಮೇಲೆ ಎಂಬ ಈ ಕ್ರಮ ಹುಡುಗನಿಗೆ ಬಹಳ ಹಿಡಿಸಿತು. ಅವನು ರೈತನ ಮಗ.

ಬಳಿಕ ಬಂತು ದೊಡ್ಡ ಪದ: ಡಿಸ್‌ಪ್ರಪೋರ್ಷನೇಟ್. ಅದನ್ನು ಉಚ್ಚರಿಸುವುದಕ್ಕೇ ಎರಡು ದಿನ ಹಿಡಿಯಿತು. ತಿಳಿದುಬಂದ ಆದಾಯಮೂಲಗಳ ಪ್ರಮಾಣಕ್ಕೆ ಮೀರಿದ ಆಸ್ತಿ ಎಂಬುದು 1988ರ ಭ್ರಷ್ಟಾಚಾರ ತಡೆ ಕಾನೂನಿನ ಮಾತು. ನಮ್ಮ ಕನ್ನಡ ಪತ್ರಿಕೆಗಳು ಇದನ್ನು 'ಅಕ್ರಮ ಆಸ್ತಿ' ಎಂದು ಮುಗಿಸಿಬಿಡುತ್ತವೆ. ಇದು ನನಗೆ ಒಪ್ಪಿಗೆಯಿಲ್ಲ. ಇಂಗ್ಲಿಷಿನ ಮಾತು ತಕ್ಕಡಿಯನ್ನು ಎತ್ತಿ ಹಿಡಿಯುತ್ತದೆ, ಅಷ್ಟೆ. ಕನ್ನಡದ ಮಾತು ವಿಚಾರಣೆಗೆ ಮುಂಚೆಯೇ ತೀರ್ಪು ಓದುತ್ತದೆ.

ತಕ್ಕಡಿಯ ಮಾತು ಸುಮ್ಮನೆ ಹೇಳಿದ್ದಲ್ಲ. ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜಯಲಲಿತಾ ಅವರ ಮೊಕದ್ದಮೆ 2003ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ಕರ್ನಾಟಕಕ್ಕೆ ವರ್ಗವಾಗಿತ್ತಷ್ಟೆ. 2014ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಅವರಿಗೆ 4 ವರ್ಷ ಸಜೆ, 100 ಕೋಟಿ ರೂಪಾಯಿ ದಂಡ ವಿಧಿಸಿತು. 2015ರ ಮೇ ತಿಂಗಳಲ್ಲಿ ಹೈಕೋರ್ಟು, ಆದಾಯಕ್ಕಿಂತ ಹೆಚ್ಚಾದ ಆಸ್ತಿ ಶೇಕಡ 8.12 ಮಾತ್ರ, ಇಷ್ಟನ್ನು ಕ್ಷಮಿಸಬಹುದೆಂದು ಬಿಡುಗಡೆ ಮಾಡಿತು. ಆ ತೀರ್ಪಿನಲ್ಲಿ 10 ಸಾಲಗಳ ಪಟ್ಟಿಯೊಂದಿದೆ; ಒಟ್ಟು 24,17,31,274 ರೂಪಾಯಿ ಎಂದು ಬರೆದಿದೆ. ನಮ್ಮವನು ವಾಣಿಜ್ಯದ ವಿದ್ಯಾರ್ಥಿಯಲ್ಲವೆ? ಕಾಗದ ಪೆನ್ಸಿಲು ತಂದು ಕೂಡಿದ. ಬಂದದ್ದು 10,67,31,274. ಮತ್ತೊಮ್ಮೆ ಕೂಡಿದ, ಅಷ್ಟೇ. "ಚಿಕ್ಕಪ್ಪ, 13 ಕೋಟಿ 50 ಲಕ್ಷ ಎಲ್ಲಿ ಹೋಯಿತು?" ಎಂದು ಕೇಳಿದ ಅವನ ಮುಖದಲ್ಲಿ ಭಯವಿತ್ತು. ಕೂಡುವ ಲೆಕ್ಕದಲ್ಲಿ ತಪ್ಪಿದರೆ ಒಂದು ವಿಶೇಷಣವೇ ಮನುಷ್ಯನ ಮೇಲಿಂದ ಎದ್ದುಹೋಗಬಹುದೆಂದು ಅವನಿಗೆ ಅಂದು ಹೊಳೆದಿರಬೇಕು. ಕರ್ನಾಟಕ ಸರ್ಕಾರ ಮೇಲ್ಮನವಿ ಸಲ್ಲಿಸಿತು. 2017ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಆ ಬಿಡುಗಡೆಯನ್ನು ರದ್ದುಗೊಳಿಸಿತು. ಉಳಿದ ಮೂವರು ಆರೋಪಿಗಳಿಗೆ ಶಿಕ್ಷೆ ಖಾಯಂ ಆಯಿತು. 2016ರ ಡಿಸೆಂಬರಿನಲ್ಲೇ ತೀರಿಕೊಂಡಿದ್ದ ಜಯಲಲಿತಾ ಅವರ ಮಟ್ಟಿಗೆ ಮಾತ್ರ ಮೇಲ್ಮನವಿ ಅಬೇಟ್ ಆಯಿತು. ಮಳೆಗಾಳಿ ತಗ್ಗುವುದಕ್ಕೂ, ಮನುಷ್ಯ ಸತ್ತಾಗ ಮೊಕದ್ದಮೆ ಅಡಗುವುದಕ್ಕೂ ಇಂಗ್ಲಿಷಿನಲ್ಲಿ ಅದೊಂದೇ ಕ್ರಿಯಾಪದ.

ಆದರೆ ನಮ್ಮ ಪಾಠದಲ್ಲಿ ಅತ್ಯಂತ ಕಠಿಣವಾದದ್ದು ತೀರ ಸಣ್ಣ ಪದಗಳು. ಮೊದಲು ಅಭ್ಯರ್ಥಿಗಳು ತಮಗೆ ಬೇಡವಾದ ಕಲಮುಗಳನ್ನು ಖಾಲಿ ಬಿಟ್ಟು ಸುಮ್ಮನಾಗುತ್ತಿದ್ದರು. ಖಾಲಿ ಬಿಡುವಂತಿಲ್ಲ ಎಂದು 2013ರಲ್ಲಿ ಸುಪ್ರೀಂ ಕೋರ್ಟು ಕಟ್ಟಪ್ಪಣೆ ಮಾಡಿತು. ಏನೂ ಇಲ್ಲದಿದ್ದರೆ 'ನಿಲ್' ಎನ್ನಬೇಕು. ತನಗೆ ಸಂಬಂಧಪಡದಿದ್ದರೆ 'ನಾಟ್ ಅಪ್ಲಿಕಬಲ್'. ತಿಳಿಯದಿದ್ದರೆ 'ನಾಟ್ ನೋನ್'. ಇಲ್ಲ, ಸಲ್ಲ, ಗೊತ್ತಿಲ್ಲ. ಈ ಮೂರರ ಅಂತರವನ್ನು ಅಭ್ಯಾಸ ಮಾಡಿಸೋಣವೆಂದು, ಒಂದು ಭಾನುವಾರ ಆ 26ನೆಯ ನಮೂನೆಯನ್ನು ಅವನ ಕೈಗಿತ್ತು, "ನಿಮ್ಮಪ್ಪ ಚುನಾವಣೆಗೆ ನಿಂತಿದ್ದಾರೆ ಎಂದುಕೊಂಡು ತುಂಬು" ಎಂದೆ.

ಚೆನ್ನಾಗಿಯೇ ತುಂಬಿದ. ಎರಡು ಎಕರೆ ಹತ್ತು ಗುಂಟೆ, ಪಿತ್ರಾರ್ಜಿತ. ವಾಹನ, ನಿಲ್. ತಾಯಿಯ ಮಾಂಗಲ್ಯ, ಒಂದು ಜೊತೆ ಓಲೆ. ಹೊಣೆಗಾರಿಕೆಯ ಕಲಮಿನಲ್ಲಿ 'ನಾಟ್ ನೋನ್' ಎಂದು ಬರೆದಿದ್ದ.

"ಸೊಸೈಟಿಯಲ್ಲಿ ಸಾಲ ಇದೆ ಎಂದು ಗೊತ್ತು ಚಿಕ್ಕಪ್ಪ. ಎಷ್ಟೆಂದು ಅಪ್ಪ ಹೇಳಿಲ್ಲ. ನಿಮಗೆ ಗೊತ್ತೆ?"

ಆ ಸಾಲದ ಮೊದಲ ಕಂತು ಎತ್ತಿದ್ದು ಮೈಸೂರಿನಲ್ಲಿ ನನ್ನ ಎಂ.ಎ. ಓದಿಗೆ. ಅಣ್ಣ ವರ್ಷವರ್ಷ ಹಳೆಯದನ್ನು ಮುರಿದು ಹೊಸದು ಮಾಡುತ್ತ ಬಂದಿದ್ದಾನೆ. ಎಷ್ಟಾಗಿದೆಯೆಂದು ನಾನು ಕೇಳಿದವನಲ್ಲ. ನನಗೂ ತಿಳಿಯದೆಂದು ಹೇಳಿ ಮಾತು ಬದಲಿಸಿದೆ. ಹುಡುಗ ಬಿಡಲಿಲ್ಲ, ಉತ್ಸಾಹದಿಂದ ಇನ್ನೊಂದು ಪ್ರತಿ ತೆಗೆದು ನನ್ನ ಹೆಸರು ಬರೆದ. ಮನೆ ಕಟ್ಟಿದ ಬ್ಯಾಂಕಿನ ಸಾಲ ಹೇಳಿದೆ, ಬರೆದುಕೊಂಡ. "ಬೇರೆ?" ಎಂದ.

"ಕೆಳಗೆ ಒಂದು ಸಾಲು ಬಿಟ್ಟಿರು."

"ಖಾಲಿ ಬಿಡುವಂತಿಲ್ಲವಲ್ಲ ಚಿಕ್ಕಪ್ಪ," ಎಂದು ನಕ್ಕ.

ರಾತ್ರಿ ಊಟವಾದ ಮೇಲೆ ಜಗುಲಿಗೆ ಹೋಗಿ ಊರಿಗೆ ಫೋನು ಮಾಡಿ, ಸೊಸೈಟಿಯ ಸಾಲ ಈಗೆಷ್ಟಿದೆಯೆಂದು ಅಣ್ಣನನ್ನು ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅದೆಲ್ಲ ಈಗ ಯಾಕೋ? ಹುಡುಗನಿಗೆ ಇಂಗ್ಲಿಷು ಹತ್ತಿತೇನು, ಅದು ಹೇಳು" ಎಂದ.